ಶೀನಪ್ಪ ಸುಮ್ಮನಾಗಬೇಕಾದ ಜಾಗ

೧. ಎಲ್ಲಿಂದ ಶುರು ಮಾಡಲಿ? ಗ್ರೀಸಿನಿಂದ ಶುರು ಮಾಡಿದ ಡ್ರಾಫ್ಟನ್ನು ಹರಿದು ಹಾಕಿದೆ. ಎರಡು ಪುಟ ಕಳೆದರೂ ಮಂಗಳೂರು ಬರಲೇ ಇಲ್ಲ. ಹಾಗಾಗಿ ಮಂಗಳೂರು, ೧೯೩೬, ಒಂದು ಶಾಲೆಯ ಹಾಲ್, ರಿಹರ್ಸಲ್.

೨. ಶೀನಪ್ಪ ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲದೆ, ಕೂತಲ್ಲೇ, ಬರೀ ಮಾತಿನಿಂದ ಯುದ್ಧ ಗೆಲ್ಲುವವರು. ಅಂಥ ಕೂಟದಲ್ಲಿ ಉತ್ತರ ಹೊಳೆಯದೆ ಬಾಯಿ ಮುಚ್ಚಿದವನು ಸೋತ ಹಾಗೆ. ಮೂವತ್ತು ವರ್ಷದಲ್ಲಿ ಶೀನಪ್ಪ ಒಮ್ಮೆಯೂ ಮುಚ್ಚಿದವರಲ್ಲ. (ಮನೆಯಲ್ಲಿ? ಅದು ಬೇರೆ ಕಥೆ.)

ರಾಧಾಕೃಷ್ಣ ಮಾಷ್ಟ್ರು ಕನ್ನಡಕ್ಕೆ ತಂದ ಗ್ರೀಕ್ ದುರಂತ ನಾಟಕದಲ್ಲಿ ಅವರು ರಾಜ. ಎಲ್ಲರೂ ಬೇಡವೆಂದರೂ ಮಗನನ್ನು ಯುದ್ಧಕ್ಕೆ ಕಳಿಸಿ ಕಳೆದುಕೊಂಡವನು. ಕೊನೆಯಲ್ಲಿ ರಾಣಿ, ಅಂದರೆ ಮಾಷ್ಟ್ರ ತಂಗಿ ನೀರಜಾಕ್ಷಿ, ಕೇಳುತ್ತಾಳೆ: "ನನ್ನ ಮಗ ಎಲ್ಲಿ?" ರಾಜ ಉತ್ತರಿಸುವುದಿಲ್ಲ. ಪರದೆ.

ಶೀನಪ್ಪ ಉತ್ತರಿಸಿದರು. ಕರ್ಮ, ಪೂರ್ವಜನ್ಮ, ವೀರಸ್ವರ್ಗ ಎಂದು ಅರ್ಧ ಗಂಟೆ. ರಾಣಿಗೆ ಸಮಾಧಾನವಾಗಿಬಿಟ್ಟಿತು.

"ಶೀನಪ್ಪಣ್ಣ, ಅಲ್ಲಿ ಮಾತೇ ಇಲ್ಲ!" ಮಾಷ್ಟ್ರು ತಲೆ ಹಿಡಿದುಕೊಂಡರು.

"ಇಲ್ಲ ಅಂತಲೇ ಹಾಕಿದ್ದು ಮಾಷ್ಟ್ರೇ. ನಿಮ್ಮ ಗ್ರೀಕಿನವನಿಗೆ ಹೊಳೀಲಿಲ್ಲ, ಪಾಪ."

ನೀರಜಾಕ್ಷಿಗೆ ನಗು ಬಂತು. ಆಮೇಲೆ ಮೆಲ್ಲಗೆ ಹೇಳಿದಳು: "ನನಗೆ ಸಮಾಧಾನ ಆಗ್ಬಾರ್ದು ಶೀನಪ್ಪಣ್ಣ. ಆದ್ರೆ ನಾನು ಎಂತ ತಾಯಿ?"

"ಬರುವವರೆಲ್ಲ ನನ್ನ ಕೂಟ ಕೇಳಿದವರು, ಮಗಾ. ಸುಮ್ಮನಾದ್ರೆ ಶೀನಪ್ಪ ಸೋತ ಅಂತ ಹೇಳ್ತಾರೆ. ಮತ್ತೆ ಯಾರಾದ್ರೂ ಕರೀಲಿಕ್ಕುಂಟಾ ನನ್ನನ್ನು?"

೩. ಮುಕ್ತಾಯ ಎರಡು ಬರೆದೆ. ಒಂದು: ಮಾತಾಡಿದರು, ಚಪ್ಪಾಳೆ ಬಿತ್ತು, ನಾಟಕ ಸತ್ತಿತು. ಇನ್ನೊಂದು: ಸುಮ್ಮನಾದರು, ಜನ ಕೂಗಿದರು, ಆಮೇಲೆ ಯಾವ ಕೂಟದವರೂ ಕರೆಯಲಿಲ್ಲ. ಇದನ್ನು ಬರೆಯುವಾಗ ಶೀನಪ್ಪ ನನ್ನ ಪೆನ್ನನ್ನೇ ತಡೆದರು.

"ಎಂತ ಮಾರಾಯ, ಜನರ ಮೇಲೆ ಇಷ್ಟೂ ನಂಬಿಕೆ ಇಲ್ವಾ ನಿನಗೆ?"

"ನಿಮಗುಂಟಾ?"

(ಉತ್ತರ ಬರಲಿಲ್ಲ. ಅವರ ಬಾಯಿ ಮೊದಲು ಮುಚ್ಚಿಸಿದವನು ನಾನು, ಹೆಮ್ಮೆಪಡುವ ಹಾಗಿಲ್ಲ.)

೫. (ನಾಲ್ಕನ್ನು ಹರಿದೆ.) ಪ್ರದರ್ಶನದ ಸಂಜೆ ನೀರಜಾಕ್ಷಿ ಕೇಳಿದಳು. ಶೀನಪ್ಪನವರ ನಾಲಗೆಯ ತುದಿಗೆ ಉತ್ತರ ಬಂತು, ಒಳ್ಳೆಯದೇ, ಪ್ರಾಸ ಸಮೇತ. ಅವರು ಅವಳ ಮುಖ ನೋಡಿದರು. ನುಂಗಿಕೊಂಡರು.

ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "ಶೀನಪ್ಪಣ್ಣ ಸೋತ್ರು!"

ಅವನ ಪಕ್ಕದಿಂದಲೇ ಇನ್ನೊಂದು ದನಿ: "ಬಾಯಿ ಮುಚ್ಚು ಮಾರಾಯ. ಅವರ ಮಗ ಸತ್ತಿದ್ದಾನೆ."

ಪರದೆಯ ಹಗ್ಗ ಈಗ ಬರೆಯುವ ನನ್ನ ಕೈಯಲ್ಲಿದೆ; ಎಳೆಯಲು ಇದೇ ಸಮಯವೆಂದು ಮಾಷ್ಟ್ರು ಸನ್ನೆ ಮಾಡುತ್ತಿದ್ದಾರೆ. ನಾನು ನೋಡದ ಹಾಗೆ ಕೂತಿದ್ದೇನೆ. ಶೀನಪ್ಪ ಇನ್ನೂ ಸ್ವಲ್ಪ ಹೊತ್ತು ಸುಮ್ಮನಿರಲಿ, ಈಗಷ್ಟೇ ಕಲಿತಿದ್ದಾರೆ.