ಬೆಳಕಿಗೆ ಮುಂಚೆ ಹಚ್ಚಿದ ಮುಲಾಮು

ನನ್ನ ಬೆನ್ನಿನ ಸೋರಿಯಾಸಿಸ್‌ಗೆ ತಿಪಟೂರಿನ ಚರ್ಮದ ಡಾಕ್ಟರು ಎರಡು ಚಿಕಿತ್ಸೆ ಒಟ್ಟಿಗೆ ಹೇಳಿದ್ದರು: ದಿನಾ ಮುಲಾಮು, ವಾರಕ್ಕೆ ಮೂರು ಸಲ ಆಸ್ಪತ್ರೆಯ ಯಂತ್ರದೊಳಗೆ ನಿಂತು ಮೈಗೆ ಬೆಳಕು. ಎಂಟು ವಾರ ಕಳೆದರೂ ಹುರುಪೆ ಉದುರುವುದು ನಿಲ್ಲಲಿಲ್ಲ. ಇನ್ನೊಂದು ತಿಂಗಳು ನೋಡಿ ಆಗದಿದ್ದರೆ ಬೆಳಕು ಬಿಟ್ಟು ಮಾತ್ರೆಗೆ ಹೋಗೋಣ ಎಂದರು. ಆ ಮಾತ್ರೆ ನುಂಗುವವರು ಲಿವರ್ ಪರೀಕ್ಷೆ ಮಾಡಿಸುತ್ತಲೇ ಇರಬೇಕೆಂದು ಓದಿ ಹೆದರಿದ್ದೆ.

ಬೆನ್ನಿಗೆ ನನ್ನ ಕೈ ಎಟುಕದು. ಹಚ್ಚುತ್ತಿದ್ದವರು ಅಪ್ಪ ಶಂಭುಲಿಂಗಯ್ಯ. ಹಾಲ್ಕುರಿಕೆಯಲ್ಲಿ ನಮ್ಮದು ತೆಂಗಿನ ತೋಟ. ನಾನು ಎಂ.ಎ. ಮುಗಿಸಿ ಬಂದ ಮೇಲೆ ನಮ್ಮ ನಡುವಿನ ಮಾತು ನೀರು ಬಿಟ್ಟೆಯಾ, ಊಟ ಆಯಿತಾ ಎಂಬಷ್ಟಕ್ಕೆ ಇಳಿದಿತ್ತು. ನನ್ನ ಟವೆಲ್ ಮುಟ್ಟದವರು ಊರಲ್ಲಿದ್ದರು. ಬೆಳಿಗ್ಗೆ ಸ್ನಾನವಾದ ಮೇಲೆ ಅಪ್ಪನ ಒರಟು ಬೆರಳು ಮಾತಿಲ್ಲದೆ ಬೆನ್ನ ಮೇಲೆ ಓಡಾಡುವ ಹತ್ತು ನಿಮಿಷಕ್ಕಾಗಿ ನಾನು ಕಾಯುತ್ತಿದ್ದೆ.

ಒಂದು ಬುಧವಾರ, ಬೆಳಕಿನ ಕೋಣೆಗೆ ಹೊಸದಾಗಿ ಬಂದ ನರ್ಸ್ ಗಿರಿಜಾಂಬಿಕಾ ನನ್ನ ಬೆನ್ನು ನೋಡಿ ನಿಂತರು.

"ಇದೇನ್ರೀ ಯೋಗೀಶ್, ಗೋಡೆಗೆ ಸುಣ್ಣ ಬಳ್ದಂಗೆ ಬಳ್ಕೊಂಡ್ ಬಂದಿದೀರ?"

"ಮುಲಾಮು. ಅಪ್ಪ ಹಚ್ಚಿದ್ರು."

"ಬೆಳಕಿನ ದಿನ ಬೆಳಕಾದ್ಮೇಲೆ ಹಚ್ಚಿ ಅಂತ ಚೀಟೀಲಿ ಬರ್ದಿದೆ ಕಣ್ರೀ. ಈ ಮುಲಾಮಿದ್ರೆ ಬೆಳಕು ಒಳಕ್ಕೇ ಇಳಿಯಲ್ಲ. ಎಂಎ ಓದಿದೀರಂತೆ ಬೇರೆ."

ಒರೆಸಿದರು. ಡಾಕ್ಟರನ್ನು ಕೇಳಿ ಬಂದು, ಸಲದಿಂದ ಸಲಕ್ಕೆ ಏರಿಸುತ್ತ ಬಂದಿದ್ದ ಬೆಳಕಿನ ಸೆಕೆಂಡುಗಳನ್ನು ಮೊದಲ ದಿನದಷ್ಟಕ್ಕೇ ಇಳಿಸಿದರು. ಬರಿಮೈಗೆ ಈಗಿನಷ್ಟು ಬಿದ್ದರೆ ಸುಟ್ಟೇಹೋಗುತ್ತದಂತೆ.

ಆ ಚೀಟಿಯನ್ನು ನಾನೂ ಓದಿದ್ದೆ. ಅಪ್ಪನ ಕೈ ಬೇಡವೆನ್ನಲು ಬಾಯಿ ಬಂದಿರಲಿಲ್ಲ. ಸ್ವಲ್ಪ ಹಚ್ಚಿದರೆ ಏನಾದೀತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಈಗ ಹೇಳಲೇಬೇಕಿತ್ತು, ಹೇಳಿದರೆ ಅವರು ಮತ್ತೆ ನನ್ನ ಬೆನ್ನು ಮುಟ್ಟುವುದಿಲ್ಲವೇನೋ ಎಂಬ ಅಳುಕು. ಸಂಜೆ ಹೇಳಿದೆ. ಅಪ್ಪ ಅಟ್ಟದ ಕಡೆ ಕೈ ತೋರಿಸಿದರು.

"ಬಿಸ್ಲು ತಾಗ್ಬಾರ್ದು ಅಂತ ಕೊಬ್ರಿ ಕಾಯಿನ ವರ್ಷ ಪೂರ್ತಿ ಅಟ್ಟದ ಮೇಲೆ ಮಡಗೋರು ನಾವು. ಆ ಮಿಷನ್ನು ನಿನ್ನ ಮೈ ಸುಟ್ಬುಡುತ್ತೇನೋ ಅಂತ, ನೀನು ಹೋಗೋ ದಿನ ಒಂಚೂರು ದಪ್ಪಕ್ಕೇ ಬಳೀತಿದ್ದೆ ಕಣಪ್ಪ."

ಎಂಟು ವಾರ ಅವರು ನನಗಾಗಿ ಹೆದರಿಕೊಂಡಿದ್ದರು. ನಾನು ಕೇಳಿರಲೂ ಇಲ್ಲ.

ಬೆಳಕಿನ ದಿನವಲ್ಲದಿದ್ದರೂ ಗುರುವಾರ ಬೆಳಿಗ್ಗೆ ಅವರು ಮುಲಾಮಿನ ಟ್ಯೂಬ್ ಮುಟ್ಟಲಿಲ್ಲ. ಅಂದುಕೊಂಡಿದ್ದೇ ಆಯಿತು ಎನಿಸಿತು.

ಶುಕ್ರವಾರ ನಾನು ಬಸ್ಸಿಗೆ ಹೋದರೆ ಅಪ್ಪ ಮಡಿಪಂಚೆ ಉಟ್ಟು ಮೊದಲೇ ಬಂದು ನಿಂತಿದ್ದರು. ಆಸ್ಪತ್ರೆಯಲ್ಲಿ ಯಂತ್ರದೊಳಕ್ಕೆ ಬಗ್ಗಿ ನೋಡಿದರು.

"ಟ್ಯೂಬ್‌ಲೈಟೇ ಅಲ್ವೇನವ್ವ ಇವು?"

"ಹೂಂ ತಾತ. ನಿಮ್ಮನ್ನೂ ನಿಲ್ಲಿಸ್ಲಾ?" ಎಂದರು ಗಿರಿಜಾಂಬಿಕಾ.

"ಬುಡವ್ವ, ನಾನು ಆಗ್ಲೇ ಒಣಗಿರೋನು."

ನಾನು ಹೊರಗೆ ಬಂದಾಗ ಅಪ್ಪ ಕೈ ತೊಳೆದುಕೊಂಡು ಕಾಯುತ್ತಿದ್ದರು.

"ಈಗ ಹಚ್ಬೌದಾ?"

"ಈಗ ಹಚ್ಚಿ. ತೆಳ್ಳಗೆ," ಎಂದೆ.

ಸಾಲಾಗಿ ಕೂತ ರೋಗಿಗಳ ಮುಂದೆಯೇ, ಹಜಾರದ ಬೆಂಚಿನ ಮೇಲೆ, ಅಪ್ಪ ನನ್ನ ಶರ್ಟು ಎತ್ತಿದರು. ನಾಚಿಕೆಯಾಯಿತು. ಏಳಲಿಲ್ಲ.

ತಿಂಗಳು ತುಂಬಿದಾಗ ಕಲೆಗಳು ತೆಳುವಾಗಿ ಅರ್ಧಕ್ಕರ್ಧ ಮಾಸಿದ್ದವು. ಡಾಕ್ಟರು ಮಾತ್ರೆ ಬರೆಯಲಿಲ್ಲ, ಇದನ್ನೇ ಮುಂದುವರಿಸಿ ಎಂದರು. ವಾಪಸು ಬರುವ ಬಸ್ಸಿನಲ್ಲಿ, ಪಕ್ಕದಲ್ಲಿ ಕೂತಿದ್ದ ಅಪ್ಪನಿಗೆ ಇದೊಂದನ್ನು ಬಾಯಿಬಿಟ್ಟು ಹೇಳಬೇಕೆನಿಸಿತು.

"ಅಪ್ಪ, ನೀವು ಬಂದಿದ್ದು ಒಳ್ಳೇದಾಯ್ತು."

"ಸುಮ್ನೆ ಕೂತ್ಕಳ್ಲಾ," ಎಂದು ಕಿಟಕಿಯ ಕಡೆ ತಿರುಗಿದರು. ಊರು ಬರುವವರೆಗೂ ತಿರುಗಿಯೇ ಇದ್ದರು.