ಸೋಮವಾರ, ಗುರುವಾರದ ವ್ಯಾನು

ಹೆದ್ದಾರಿ ಬದಿಯ ಜೂಜುವಾಡಿಯಲ್ಲಿ ಶ್ಯಾಮಲಮ್ಮನ ಪೆಟ್ಟಿಗೆ ಅಂಗಡಿಗೆ ದಿನಕ್ಕೆ ನೂರು ಜನ ಬರುತ್ತಿದ್ದರು. ಮಾತಾಡುವವರು ಮಾತ್ರ ಇಲ್ಲ. ಲಾರಿಯವರು ಎಂಜಿನ್ ಆರಿಸದೆ ಕೈ ಚಾಚಿ ಬಿಸ್ಕತ್ತು ಕೊಂಡು ಹೊರಟೇಬಿಡುವರು. ಗಂಡ ಸತ್ತ ಮೇಲೆ ಆಕೆಯನ್ನು ‘ಊಟ ಆಯ್ತಾ’ ಎಂದು ಕೇಳುತ್ತಿದ್ದವನು ಒಬ್ಬನೇ: ಹೊಸೂರಿನ ಏಜೆನ್ಸಿಯಿಂದ ದಿನಾ ಹತ್ತು ಗಂಟೆಗೆ ಸರಕಿನ ವ್ಯಾನು ತರುತ್ತಿದ್ದ ಕದಿರಪ್ಪ. ನಿಲ್ಲುತ್ತಿದ್ದುದು ಐದೇ ನಿಮಿಷ. ಅದಕ್ಕಾಗಿ ಈ ಹೆಂಗಸು ಬೆಳಗ್ಗೆಯೇ ತಲೆ ಬಾಚಿಕೊಂಡು ಕೂರುತ್ತಿದ್ದಳು. ನಗಬೇಡಿ, ಒಂಟಿಯಾಗಿದ್ದು ನೋಡಿ, ಗೊತ್ತಾಗುತ್ತದೆ.

ಡೀಸೆಲ್ ತುಟ್ಟಿಯಾದ ಎಂಬತ್ತೊಂದನೇ ಇಸವಿಯಲ್ಲಿ ಕದಿರಪ್ಪ ತಲೆ ಕೆರೆದುಕೊಂಡು ನಿಂತ.

“ದಿನಾ ವ್ಯಾನು ಯಾಕ್ಲಾ ಅಂತಾವ್ರೆ ನಮ್ಮ ಸಾವ್ಕಾರ್ರು. ಕಮ್ಮಿ ಮಾಡಿದ್ರೆ ಸರಕು ಮುಗ್ದು ಗಿರಾಕಿ ಅತ್ತಿಬೆಲೆ ಕಡೆ ಹೋಗ್ಬುಟ್ರೆ ಅಂತ ಭಯಾನೂ ಐತೆ. ನೀನು ಕವಡೆ ಹಾಕಿ ನೋಡ್ತೀಯಲ್ಲ ಅಕ್ಕ, ನೋಡಿ ಹೇಳು. ನಿನ್ ಮಾತು ನಂಬ್ತೀನಿ.”

ಅದು ಆಕೆಯದೇ ಪದ್ಧತಿ. ನೆಲದ ಮೇಲೆ ವಾರದ ಏಳು ಮನೆ ಬರೆಯುವುದು. ಅಂಗಡಿಯಲ್ಲಿ ಹಿಡಿಯುವುದು ಹನ್ನೆರಡು ಡಬ್ಬ ಬಿಸ್ಕತ್ತು, ಅದಕ್ಕೆ ಹನ್ನೆರಡು ಹುಣಸೆ ಬೀಜ. ಮನೆಮನೆಗೂ ನಾಲ್ಕು ಕವಡೆ ಎಸೆದರೆ, ಎಷ್ಟು ಅಂಗಾತ ಬಿದ್ದವೋ ಆ ದಿನ ಅಷ್ಟು ಡಬ್ಬ ಖರ್ಚು, ಅಷ್ಟು ಬೀಜ ಪಕ್ಕಕ್ಕೆ. ವ್ಯಾನು ಬರುವ ದಿನ ಮತ್ತೆ ಹನ್ನೆರಡು ಭರ್ತಿ. ವ್ಯಾನಿನ ದಿನಕ್ಕೆ ಮೊದಲೇ ಬೀಜ ಮುಗಿದರೆ ಗಿರಾಕಿ ಕೈತಪ್ಪಿದಂತೆ.

ಸೋಮವಾರವೊಂದೇ ವ್ಯಾನು ಬಂದರೆ ಸಾಲದು, ಶನಿವಾರಕ್ಕೇ ಬೀಜ ಖಾಲಿ. ಸೋಮವಾರ, ಗುರುವಾರ ಬಂದರೆ? ಖಾಲಿಯಾಗಲಿ ಎಂದು ಬೇಡಿಕೊಂಡೇ ಎಸೆದಳು. ಮೂವತ್ತು ಸಲ ಆಡಿದರೂ ಆ ಹಾಳು ಬೀಜ ಒಮ್ಮೆಯೂ ಮುಗಿಯಲಿಲ್ಲ.

ಮರುದಿನ ‘ದಿನಾ ಬರಲೇಬೇಕು’ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು, “ಊಟ ಆಯ್ತಾ ಅಕ್ಕ?” ಎಂದ. ತನ್ನನ್ನು ವಿಚಾರಿಸುವ ಒಬ್ಬನೇ ಒಬ್ಬನಿಗೆ ಸುಳ್ಳು ಹೇಳುವುದೆ?

“ಎರಡು ದಿನ ಬಂದ್ರೆ ಸಾಕು ಕಣಪ್ಪ. ಸೋಮವಾರ, ಗುರುವಾರ.”

“ನೀನು ಬಿಡಕ್ಕ, ನಮ್ ಸಾವ್ಕಾರ್ರಿಗಿಂತ ಬುದ್ಧಿವಂತೆ,” ಎಂದು ನಗುತ್ತ ಹೊರಟ.

ಮಂಗಳವಾರ ಹತ್ತಕ್ಕೆ ಶ್ಯಾಮಲಮ್ಮ ಅಭ್ಯಾಸಬಲದಿಂದ ತಲೆ ಬಾಚಿ ಕೂತಿದ್ದಳು. ಕವಡೆ ಆಟದಲ್ಲಿ ತಿರುಗಿಯೂ ಮಾತಾಡಿಸದ ಲಾರಿಯವರಿಗೆಲ್ಲ ಬೀಜದ ಲೆಕ್ಕವಿತ್ತು. ತನಗೆಂದು ಒಂದು ಬೀಜವನ್ನೂ ಇಟ್ಟುಕೊಂಡಿರಲಿಲ್ಲ.

ಅಷ್ಟರಲ್ಲಿ ಲಾರಿಯೊಂದು ನಿಂತಿತು, ಕೈಯೊಂದು ಹೊರಚಾಚಿತು.

“ಊಟ ಆಯ್ತೇನಪ್ಪ?” ಎಂದು ಆಕೆಯೇ ಕೇಳಿದಳು.

ಎಂಜಿನ್ ಸದ್ದಿನಲ್ಲಿ ಲಾರಿಯವನಿಗೆ ಕೇಳಿಸಲಿಲ್ಲ. ಬಿಸ್ಕತ್ತು ತೆಗೆದುಕೊಂಡು ಹೋದ.