ಕಿತ್ತಳೆ ತೇಲಿಬಿಟ್ಟ ದೊಡ್ಡತ್ತೆ

ಇಷ್ಟೊಂದು ನಗುವ ಹೆಂಗಸಿನ ಕೈಗೆ ಆರು ವರ್ಷದ ಮಗಳನ್ನು ದೋಣಿ ಸವಾರಿಗೆ ಒಪ್ಪಿಸುವುದು ಹೇಗೆ ಎಂಬ ಚಿಂತೆ ಆ ಶುಕ್ರವಾರವಿಡೀ ನನ್ನ ಎದೆ ಬಿಟ್ಟು ಕದಲಲಿಲ್ಲ. ನನ್ನ ಗಂಡನ ಸೋದರತ್ತೆ, ಮನೆಮಂದಿಗೆಲ್ಲ ದೊಡ್ಡತ್ತೆ. ಅವರು ನಕ್ಕರೆ ಮೊದಲು ಭುಜ ಕುಣಿಯುತ್ತದೆ, ಆಮೇಲೆ ಕನ್ನಡಕ ಮೂಗಿನ ತುದಿಗೆ ಜಾರುತ್ತದೆ, ಸದ್ದು ಹೊರಡುವುದು ಎಲ್ಲಕ್ಕಿಂತ ಕಡೆಗೆ. ದಾರಿಯಲ್ಲಿ ಟೈರು ಪಂಕ್ಚರಾದರೂ ನಗು, ಗುಡಾರ ತಲೆಯ ಮೇಲೆ ಕುಸಿದರೂ ನಗು. ನಾನೋ, ಒಲೆ ಹಚ್ಚುವ ಮೊದಲೇ ಹಾಲು ಉಕ್ಕೀತೆಂದು ಹೆದರುವವಳು. ನದೀತೀರದ ಹಳೆಯ ಉದ್ಯಾನವೊಂದರಲ್ಲಿ ಎರಡು ದಿನ ಬಿಡಾರ ಹೂಡಲು ಆಸ್ಪತ್ರೆಯನ್ನೇ ಚೀಲಕ್ಕೆ ತುಂಬಿಕೊಂಡಿದ್ದೆ.

"ಥರ್ಮಾಮೀಟರ್ ಎರಡ್ಯಾಕೇ?" ಎಂದರು ದೊಡ್ಡತ್ತೆ.

"ಒಂದು ಕೆಟ್ಟರೆ?"

"ಹಾಗಾದ್ರೆ ಮೂರು ತರಬೇಕಿತ್ತು. ಎರಡೂ ಬೇರೆ ಬೇರೆ ತೋರಿಸಿದ್ರೆ ತೀರ್ಪು ಕೊಡೋರ್ಯಾರು?" ಭುಜ ಕುಣಿಯಿತು.

ಮೂವತ್ತೊಂದು ವರ್ಷ ಅವರು ನದಿಯ ಮಟ್ಟ ಅಳೆಯುವ ಕಚೇರಿಯಲ್ಲಿ ದುಡಿದವರು. ದಿನಕ್ಕೆ ಮೂರು ಬಾರಿ ಪಾಚಿಗಟ್ಟಿದ ಮೆಟ್ಟಿಲಿಳಿದು ಅಳತೆಗಂಬ ಓದಿ ಬರುತ್ತಿದ್ದ ಕಾಲುಗಳು ಇಂದಿಗೂ ನಮ್ಮ ಮನೆಗೆ ಬಂದಾಗ ನಡುಮನೆಯ ಸಮತಟ್ಟಾದ ನೆಲದಲ್ಲಿ ಅಡ್ಡಡ್ಡ ಹೆಜ್ಜೆಯಿಡುತ್ತವೆ. ಕಚೇರಿಯ ಖಾಕಿ ಕೋಟು ಈಗಲೂ ಮೈಮೇಲಿದೆ. ಅದರ ಒಂಬತ್ತು ಜೇಬುಗಳಲ್ಲಿ ನೂಲುಂಡೆ, ಸ್ಟಾಪ್‌ವಾಚು, ಸೀಸದ ಕಡ್ಡಿ, ಒಂದು ಕಿತ್ತಳೆ. ಉದ್ಯಾನದಲ್ಲಿ ಕುಸಿದ ಸೇತುವೆಯ ಉಳಿದ ಮೂರು ಕಮಾನುಗಳನ್ನು ನಾವು ಬೆರಗಿನಿಂದ ನೋಡುತ್ತಿದ್ದರೆ, ಇವರು ಕಂಬದಲ್ಲಿ ಕೊರೆದಿದ್ದ ಇನ್ನೂರು ವರ್ಷ ಹಿಂದಿನ ನೆರೆಯ ಗೆರೆಯನ್ನು ಬೆರಳಿನಿಂದ ಸವರಿ, ಸಹೋದ್ಯೋಗಿಯ ಬೆನ್ನು ತಟ್ಟುವವರಂತೆ, "ಚೆನ್ನಾಗಿ ಗುರುತು ಹಾಕಿದ್ದಾನೆ ನಮ್ಮವನು" ಎಂದರು.

ಶನಿವಾರ ಬೆಳಿಗ್ಗೆ, ಮಗಳನ್ನು ಕೂರಿಸಿಕೊಂಡು ಕಯಾಕ್ ದೋಣಿಗೆ ಹುಟ್ಟು ಹಾಕುವ ಮುನ್ನ, ಅವರು ದಡದಲ್ಲಿ ಎರಡು ಗೂಟ ನೆಟ್ಟರು. ಜೇಬಿನ ಕಿತ್ತಳೆಯನ್ನು ನೀರಿಗೆಸೆದು, ಅದು ಒಂದು ಗೂಟದಿಂದ ಇನ್ನೊಂದಕ್ಕೆ ತೇಲಿ ಹೋಗುವ ಹೊತ್ತನ್ನು ಮೂರು ಸಲ ಎಣಿಸಿ ನೀರಿನ ಸೆಳೆತ ಅಳೆದರು. ಬಳಿಕ ದೋಣಿಯ ಸುತ್ತ ಅಂಗೈ ಆಡಿಸುತ್ತಾ ಬಂದವರು ಹಿಂಬದಿಯಲ್ಲಿ ಗಕ್ಕನೆ ನಿಂತರು. ಅಲ್ಲಿ, ನೀರಿನಡಿಯಲ್ಲಿ, ಬಟ್ಟೆ ಒಣಗಿಸುವ ಹಗ್ಗವೊಂದು ದೋಣಿಯಿಂದ ಕಲ್ಲುಕಟ್ಟೆಯ ಕಬ್ಬಿಣದ ಬಳೆಗೆ ಬಿಗಿದಿತ್ತು.

"ಇದ್ಯಾರ ಕೆಲಸ?"

ನನ್ನ ಗಂಡ ಆಕಾಶ ನೋಡಿದ. "ನಂದೇ," ಎಂದೆ.

ದೊಡ್ಡತ್ತೆ ನಗಲಿಲ್ಲ. "ಹರಿಯೋ ನೀರಲ್ಲಿ ಹೀಗೆ ಹಗ್ಗ ಜಗ್ಗಿದ್ರೆ ದೋಣಿ ಅಡ್ಡ ತಿರುಗಿ ಮಗುಚತ್ತೆ ಕಣಮ್ಮ. ಕಾಪಾಡೋಕೇ ಕಟ್ಟಿದೀಯ, ಗೊತ್ತು." ಗಂಟು ಬಿಚ್ಚಿ, ಹಗ್ಗವನ್ನು ಅಚ್ಚುಕಟ್ಟಾಗಿ ಸುತ್ತಿ ನನ್ನ ಕೈಗಿಟ್ಟರು. "ನೀನು ಹೂಂ ಅಂದ್ರೆ ಹೊರಡ್ತೀವಿ. ಇಲ್ಲಾಂದ್ರೆ ಕಟ್ಟೆ ಮೇಲೆ ಕೂತು ಕಾಲು ಆಡಿಸ್ತೀವಿ, ಅದೂ ಮಜಾನೇ."

ಮಗಳು ಹುಟ್ಟನ್ನು ಅಪ್ಪಿಕೊಂಡು ನನ್ನನ್ನೇ ನೋಡಿದಳು. "ಅಮ್ಮಾ, ಹೂಂ ಅನ್ನೇ. ಸಣ್ಣ ಹೂಂ ಸಾಕು."

ಸಣ್ಣದೊಂದು ಹೂಂ ಅಂದೆ. ದೋಣಿ ಜಾರಿತು. ಸೇತುವೆಯ ನಡುವಿನ ಕಮಾನಿನಡಿ ಮಗಳು ತನ್ನ ಹೆಸರನ್ನೇ ಕೂಗಿದಳು. ಕಲ್ಲುಗಳು ಅದನ್ನು ಹಿಂದಿರುಗಿಸಿದಾಗ ಇಬ್ಬರೂ ಕೇಕೆ ಹಾಕಿದರು. ದಡದುದ್ದಕ್ಕೂ ಏದುಸಿರು ಬಿಡುತ್ತಾ ಓಡುತ್ತಿದ್ದ ನಾನು ಯಾವ ಗಳಿಗೆಯಲ್ಲಿ ನಗತೊಡಗಿದೆನೋ ಕಾಣೆ.

ನಗುವವರಲ್ಲಿ ಇಂಥದೊಂದು ಪಂಗಡವಿದೆ. ಹೆದರಬೇಕಾದಷ್ಟನ್ನು ಅವರು ಮೊದಲೇ ಅಳೆದು, ಹೆದರಿ ಮುಗಿಸಿರುತ್ತಾರೆ. ಮಿಕ್ಕ ಹೊತ್ತೆಲ್ಲ ಅವರಿಗೆ ರಜೆ. ಅಳೆಯುವ ಗೋಜಿಗೇ ಹೋಗದ ನಮ್ಮಂಥವರು ಭಯದ ಚಾಕರಿಯನ್ನು ವರ್ಷವಿಡೀ ಬಿಡುವಿಲ್ಲದೆ ಮಾಡುತ್ತೇವೆ.

ಊರಿಗೆ ಮರಳಿದ ಮೇಲೆ ಮೂರು ದಿನ ಫೋನು ಎತ್ತಿಕೊಂಡೆ, ಇಟ್ಟೆ. ಬುಧವಾರ ಮಧ್ಯಾಹ್ನ ಕಡೆಗೂ ಮಾಡಿದೆ.

"ದೊಡ್ಡತ್ತೆ, ಮುಂದಿನ ಸಲ ದೋಣೀಲಿ ನನಗೂ ಜಾಗ ಇರತ್ತಾ?"

"ತೂಕ ಎಷ್ಟು? ನಿಜ ಹೇಳು, ನೀರಿಗೆ ಗೊತ್ತಾಗತ್ತೆ."

ಗಂಡನಿಗೂ ಹೇಳದ ಆ ಸಂಖ್ಯೆಯನ್ನು, ಅರ್ಧ ಕಿಲೋ ಕೂಡ ಮುಚ್ಚಿಡದೆ, ಹೇಳಿಬಿಟ್ಟೆ.